ಇಸಬಗೋಲಿನ ಹೊಟ್ಟು ಮತ್ತು ಜೊತೆಯಲ್ಲಿ ಸೇವಿಸುವ ಔಷಧಗಳು: ಪ್ರಮಾಣ, ನೀರು, ಹೊತ್ತಿನ ಅಂತರ

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಪಶ್ಚಿಮ ಬೆಂಗಳೂರಿನಲ್ಲಿ ಔಷಧದ ಅಂಗಡಿಗಳಲ್ಲಷ್ಟೇ ಅಲ್ಲದೆ ದಿನಸಿ ಅಂಗಡಿಗಳಲ್ಲಿಯೂ ವೈದ್ಯರ ಚೀಟಿಯಿಲ್ಲದೆ ದೊರೆಯುವ ಇಸಬಗೋಲಿನ ಹೊಟ್ಟು, ಅಂದರೆ ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಹೆಚ್ಚಾಗಿ ಬೆಳೆಯುವ ಪ್ಲಾಂಟಾಗೊ ಒವಾಟಾ ಎಂಬ ಗಿಡದ ಬೀಜದ ತೆಳು ಸಿಪ್ಪೆ, ಮನೆಮದ್ದೆಂದೇ ಬಳಕೆಯಲ್ಲಿರುವುದರಿಂದ ರೋಗಿಯು ಅದನ್ನು ವೈದ್ಯರ ಮುಂದೆ ಹೇಳದೆ ಬಿಡುವ ಸಂಭವ ಹೆಚ್ಚು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯೂ ವಿಜಯನಗರದ ಶ್ರೀ ಕಾಲಭೈರವೇಶ್ವರಸ್ವಾಮಿ ಆಯುರ್ವೇದ ವೈದ್ಯಕೀಯ ಕಾಲೇಜೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಈ ಭಾಗದಲ್ಲಿ ಒಂದೇ ಮನೆಯವರು ಎರಡೂ ಪದ್ಧತಿಗಳ ಚಿಕಿತ್ಸೆ ಪಡೆಯುವುದು ಸಹಜವಾದ್ದರಿಂದ, ಒಂದು ಕಡೆಯ ಚೀಟಿಯಲ್ಲಿರುವುದು ಇನ್ನೊಂದು ಕಡೆ ತಿಳಿಯದೆ ಹೋಗುವ ಸಾಧ್ಯತೆಯೂ ಇದೆ.

ಔಷಧಗಳ ಪರಸ್ಪರ ಪರಿಣಾಮ ಎಂದಾಗ ಸಾಮಾನ್ಯವಾಗಿ ಯಕೃತ್ತಿನ ಕಿಣ್ವಗಳ ವಿಚಾರ ಮುಂದೆ ಬರುತ್ತದೆ. ಇಸಬಗೋಲಿನ ವಿಷಯದಲ್ಲಿ ನಡೆಯುವುದು ಮುಖ್ಯವಾಗಿ ಕರುಳಿನೊಳಗಿನ ಭೌತಿಕ ಕ್ರಿಯೆ. ನೀರು ಹೀರಿ ಲೋಳೆಯಾಗುವ ಈ ಹೊಟ್ಟಿನ ಉಬ್ಬುವ ಸೂಚ್ಯಂಕ, ಅಂದರೆ 1 ಗ್ರಾಂ ಹೊಟ್ಟು ನೀರಿನಲ್ಲಿ ಉಬ್ಬಿ ತುಂಬುವ ಮಿಲಿಲೀಟರುಗಳ ಲೆಕ್ಕ, ಕನಿಷ್ಠ 40 ಇರಬೇಕೆಂದು ಯುರೋಪಿನ ಔಷಧಸಂಹಿತೆ ವಿಧಿಸುತ್ತದೆ. ಈ ಲೋಳೆಯಲ್ಲಿ ಸಿಕ್ಕಿದ ಮಾತ್ರೆಯ ಅಂಶ ರಕ್ತಕ್ಕೆ ಸೇರುವುದು ತಡವಾಗಬಹುದು, ಇಲ್ಲವೆ ಕಡಿಮೆಯಾಗಬಹುದು.

ಆದರೆ ನಾರುಗಳೆಲ್ಲವೂ ಒಂದೇ ಬಗೆಯಲ್ಲಿ ವರ್ತಿಸುತ್ತವೆಂಬ ತೀರ್ಮಾನಕ್ಕೆ ಆಧಾರವಿಲ್ಲ. ಥೈರಾಯ್ಡ್ ಕೊರತೆಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆಯ ಹೀರಿಕೆಯನ್ನು ನಾರು ಹೆಚ್ಚಿರುವ ಆಹಾರ ತಗ್ಗಿಸುತ್ತದೆಂದು ಲಿಯೆಲ್ ಮತ್ತು ಸಹಲೇಖಕರು 1996ರಲ್ಲಿ ತೋರಿಸಿದರೆ, ಇಸಬಗೋಲನ್ನೇ ಪರೀಕ್ಷಿಸಿದ 1998ರ ಚಿಕ್ಕ ಅಧ್ಯಯನದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಕೊಲೆಸ್ಟರಾಲ್ ಇಳಿಸುವ ಔಷಧಗಳಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗಿದೆ: 1991ರಲ್ಲಿ ಪೆಕ್ಟಿನ್ ಅಥವಾ ಓಟ್ಸ್ ತೌಡನ್ನು ಲೊವಾಸ್ಟಾಟಿನ್ ಜೊತೆ ಸೇವಿಸಿದ ಕೆಲವು ರೋಗಿಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿದ ವರದಿಯಿದೆ, 2005ರ ಅಧ್ಯಯನದಲ್ಲಾದರೋ ದಿನಕ್ಕೆ 15 ಗ್ರಾಂ ಇಸಬಗೋಲಿನೊಡನೆ ಕೊಟ್ಟ 10 ಮಿಲಿಗ್ರಾಂ ಸಿಮ್ವಾಸ್ಟಾಟಿನ್, ಬರಿಯ 20 ಮಿಲಿಗ್ರಾಂ ಸಿಮ್ವಾಸ್ಟಾಟಿನ್‌ನಷ್ಟೇ ಕೆಲಸ ಮಾಡಿತು. ಹೀಗಿರುವಾಗ ಕರಗದ ನಾರೇ ಹೆಚ್ಚಾಗಿರುವ ರಾಗಿಮುದ್ದೆಯ ಮೇಲೆ ಇಸಬಗೋಲಿನ ಎಚ್ಚರಿಕೆಗಳನ್ನೆಲ್ಲ ಹೇರುವುದು ಸರಿಯಲ್ಲ.

ಎಚ್ಚರಿಕೆ ನಿಜವಾಗಿ ಬೇಕಾಗುವುದು, ರಕ್ತದಲ್ಲಿನ ಮಟ್ಟ ಸ್ವಲ್ಪ ಬದಲಾದರೂ ತೊಂದರೆಯಾಗುವ ಔಷಧಗಳಲ್ಲಿ. ಲಿಥಿಯಂ ಮಟ್ಟ ಇಸಬಗೋಲಿನಿಂದ ಇಳಿದ ಪ್ರಕರಣವೊಂದು 1990ರಲ್ಲಿ ದಾಖಲಾಗಿದೆ. ಕಾರ್ಬಮಜೆಪಿನ್, ಹೃದಯಕ್ಕೆ ಕೊಡುವ ಡಿಜಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದೇ ಗುಂಪಿನವು. ಊಟದ ಸಕ್ಕರೆಯಂಶ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಇನ್ಸುಲಿನ್ ಪಡೆಯುವ ಮಧುಮೇಹಿಗಳು ಸಕ್ಕರೆಯ ಮಟ್ಟ ನೋಡಿಕೊಳ್ಳುತ್ತಿರಬೇಕು, ಅಗತ್ಯವಿದ್ದರೆ ವೈದ್ಯರು ಪ್ರಮಾಣ ಬದಲಿಸಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್‌ನಂಥ ಔಷಧದ ಜೊತೆಗಂತೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಕರುಳಿನ ಚಲನೆ ತಗ್ಗಿ ಅಡಚಣೆಯಾಗುವ ಅಪಾಯವಿದೆ.

ಮಲಬದ್ಧತೆಗೆ ವಯಸ್ಕರಿಗೆ ದಿನಕ್ಕೆ 7ರಿಂದ 11 ಗ್ರಾಂ ಹೊಟ್ಟನ್ನು ಒಂದರಿಂದ ಮೂರು ಸಲವಾಗಿ, ಪ್ರತಿ ಗ್ರಾಮಿಗೆ ಕನಿಷ್ಠ 30 ಮಿಲಿಲೀಟರ್ ದ್ರವದೊಡನೆ ಕೊಡಬೇಕೆಂದು ಯುರೋಪಿನ ಔಷಧ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅಂದರೆ 5 ಗ್ರಾಮಿಗೆ 150 ಮಿಲಿಲೀಟರಾದರೂ ಬೇಕು. ಚಮಚದ ಅಳತೆ ಇಲ್ಲಿ ನಂಬತಕ್ಕದ್ದಲ್ಲ, ಏಕೆಂದರೆ ಅದೇ ಚಮಚದಲ್ಲಿ ಹಗುರವಾದ ಹೊಟ್ಟಿಗಿಂತ ಅದರ ಪುಡಿ ಹೆಚ್ಚು ತೂಗುತ್ತದೆ. ನೀರು ಸಾಲದಿದ್ದರೆ ಗಂಟಲಲ್ಲೇ ಉಬ್ಬಿ ಉಸಿರುಕಟ್ಟಿಸಬಹುದು. ಅನ್ನನಾಳದಲ್ಲಿ ಅಡಚಣೆಯಾದ ಪ್ರಕರಣಗಳಿಂದಾಗಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಲ್ಲಿ ಹರಳಿನ ರೂಪದ ಇಸಬಗೋಲಿಗಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ನುಂಗಲು ಕಷ್ಟಪಡುವ ಹಿರಿಯರಿಗೆ ಇದನ್ನು ಕೊಡಲೇಬಾರದು.

ಹೊತ್ತಿನ ಅಂತರದ ಬಗ್ಗೆ ಯುರೋಪಿನ ಸೂಚನೆ ಅರ್ಧದಿಂದ ಒಂದು ಗಂಟೆ, ಅಮೆರಿಕದ ಲೇಬಲುಗಳ ಸೂಚನೆ ಎರಡು ಗಂಟೆ. ಖರ್ಚಿಲ್ಲದ ಎಚ್ಚರಿಕೆಯಾದ್ದರಿಂದ ಎರಡು ಗಂಟೆಯನ್ನೇ ಪಾಲಿಸುವುದು ಲೇಸು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಿದವರು ಅದೇ ಲೋಟದಲ್ಲಿ ಇಸಬಗೋಲು ಕಲಸದೆ ಸಂಜೆಗೆ ಇಟ್ಟುಕೊಳ್ಳುವುದು ಸುಲಭ. ಮಲಗುವ ಹೊತ್ತಿಗೆ ಸರಿಯಾಗಿ ಸೇವಿಸುವ ರೂಢಿ ಮಾತ್ರ ಬೇಡ. ಪೀಣ್ಯ, ಕುಂಬಳಗೋಡುಗಳ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುವವರಿಗೆ ಗಡಿಯಾರದ ಹೊತ್ತು ಹೇಳುವುದರಿಂದ ಪ್ರಯೋಜನವಿಲ್ಲ; ನಿದ್ದೆಯಿಂದ ಎದ್ದ ಕೂಡಲೇ ಮಾತ್ರೆ, ಮತ್ತೆ ಮಲಗುವುದಕ್ಕೆ ಎರಡು ಗಂಟೆ ಮುಂಚೆ ಇಸಬಗೋಲು ಎಂದು ಚೀಟಿಯಲ್ಲೇ ಬರೆದುಕೊಟ್ಟರೆ ಪಾಳಿ ಬದಲಾದರೂ ಆ ಅಂತರ ಉಳಿಯುತ್ತದೆ.