ಐದು ಊರು, ಒಂದೇ ಸ್ಥಾನ: ಮಾಂಟ್ರೋಸ್ ಪಟ್ಟಣಗಳ ಕ್ಷೇತ್ರ (1832–1950)

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್ ರಾಜಸನದು ಪಡೆದ ಹಳೆಯ ವ್ಯಾಪಾರಿ ಪಟ್ಟಣ. ಆದರೂ ಬ್ರಿಟಿಷ್ ಸಂಸತ್ತಿನಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. 1708ರಿಂದ ಅಬರ್ಡೀನ್, ಮಾಂಟ್ರೋಸ್, ಬ್ರೆಕಿನ್, ಆರ್ಬ್ರೋತ್, ಇನ್ವರ್‌ಬರ್ವಿ ಸೇರಿ ಒಬ್ಬ ಸದಸ್ಯನನ್ನು ಕಳಿಸುತ್ತಿದ್ದವು. ಜನರಿಗೆ ಮತವಿರಲಿಲ್ಲ. ಪ್ರತಿ ಪಟ್ಟಣದ ಪುರಸಭೆ ಒಬ್ಬ ಪ್ರತಿನಿಧಿಯನ್ನು ಆರಿಸುತ್ತಿತ್ತು. ಆ ಐವರ ಮತವೇ ಅಂತಿಮ.

1832ರ ಸುಧಾರಣಾ ಕಾಯ್ದೆ ಈ ಕಟ್ಟನ್ನು ಒಡೆಯಿತು. ಅಬರ್ಡೀನ್‌ಗೆ ಸ್ವಂತ ಸ್ಥಾನ ಸಿಕ್ಕಿತು, ಅದರ ಜಾಗಕ್ಕೆ ಫಾರ್ಫರ್ ಬಂತು. ವರ್ಷಕ್ಕೆ 10 ಪೌಂಡ್ ಬೆಲೆಯ ಮನೆ ಅಥವಾ ಅಂಗಡಿ ಹೊಂದಿದ ಗಂಡಸರು ಮತದಾರರಾದರು. ಹೆಂಗಸರು 1918ರವರೆಗೆ ಕಾಯಬೇಕಾಯಿತು.

ಭಾರತದ ನಂಟು

ಮಾಂಟ್ರೋಸ್‌ನ ಹೈಸ್ಟ್ರೀಟಿನಲ್ಲಿ ನಿಂತಿರುವ ಪ್ರತಿಮೆ ಜೋಸೆಫ್ ಹ್ಯೂಮ್‌ನದು. ಈ ಊರಲ್ಲೇ ಹುಟ್ಟಿ, ಪಿಂಗಾಣಿ ಪಾತ್ರೆ ಮಾರಿ ಸಂಸಾರ ನಡೆಸಿದ ತಾಯಿಯ ಆಸರೆಯಲ್ಲಿ ಬೆಳೆದವನು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಭಾರತದಲ್ಲಿ ದುಡಿದವನು. 1842ರಿಂದ 1855ರಲ್ಲಿ ಸಾಯುವವರೆಗೂ ಈ ಕ್ಷೇತ್ರದ ಸದಸ್ಯನಾಗಿದ್ದು, ಸರ್ಕಾರದ ಖರ್ಚಿನ ಪೈಸೆ ಪೈಸೆಗೂ ಲೆಕ್ಕ ಕೇಳಿದ.

1896ರಲ್ಲಿ ಇಲ್ಲಿಂದ ಗೆದ್ದ ಜಾನ್ ಮಾರ್ಲೆ 1905ರಲ್ಲಿ ಭಾರತ ಮಂತ್ರಿಯಾದರು. ನಮ್ಮ ಪಠ್ಯಪುಸ್ತಕಗಳ ಮಿಂಟೋ–ಮಾರ್ಲೆ ಸುಧಾರಣೆಯ ಮಾರ್ಲೆ ಇವರೇ.