ಫಿಲೊಮೆನ್: ಮೂರು ಹೆಂಚುಗಳಿಂದ ಹುಟ್ಟಿದ ಹೆಸರು

ಮಗುವಿಗೆ ಹೆಸರಿಡುವುದು ಎಲ್ಲ ನಾಡುಗಳಲ್ಲಿಯೂ ಒಂದು ಸಂಸ್ಕಾರ. ನಮ್ಮಲ್ಲಿ ಮನೆದೇವರ ಹೆಸರು, ಅಜ್ಜ ಅಜ್ಜಿಯರ ಹೆಸರು, ಹುಟ್ಟಿದ ನಕ್ಷತ್ರಕ್ಕೆ ಒಪ್ಪುವ ಅಕ್ಷರ ಇವನ್ನೆಲ್ಲ ನೋಡುತ್ತೇವೆ. ಕ್ರೈಸ್ತ ಯುರೋಪಿನಲ್ಲಿ ಈ ಸ್ಥಾನ ಸಂತರದು. ವರ್ಷದ ಒಂದೊಂದು ದಿನಕ್ಕೂ ಒಬ್ಬೊಬ್ಬ ಸಂತರಿದ್ದಾರೆ. ಮಗುವಿನ ಹೆಸರು ಅವರಿಂದ ಬರುತ್ತದೆ, ಆ ಸಂತರ ದಿನವೇ ಮಗುವಿನ ನಾಮದಿನವೂ ಆಗುತ್ತದೆ. ಫ್ರಾನ್ಸ್ ದೇಶದಲ್ಲಿ ಈ ಸಂಪ್ರದಾಯಕ್ಕೆ ಕಾನೂನಿನ ಬೆಂಬಲವೂ ದೊರೆಯಿತು. ಮಹಾಕ್ರಾಂತಿಯ ಉತ್ಸಾಹದಲ್ಲಿ ಜನ ಮನಬಂದಂತೆ ಹೆಸರಿಡತೊಡಗಿದ್ದರು. ಅದಕ್ಕೆ ಕಡಿವಾಣ ಹಾಕಲು 1803ರಲ್ಲಿ ಬಂದ ಶಾಸನವು, ಪಂಚಾಂಗಗಳಲ್ಲಿ ಬಳಕೆಯಲ್ಲಿರುವ ಹೆಸರುಗಳು ಮತ್ತು ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರುಗಳು, ಇವಿಷ್ಟನ್ನೇ ಜನನ ದಾಖಲೆಯಲ್ಲಿ ಬರೆಯಬಹುದೆಂದು ವಿಧಿಸಿತು. ಇಂತಹ ನಾಡಿನಲ್ಲಿ ಹೊಸದೊಂದು ಹೆಸರು ಬೇರೂರಬೇಕಾದರೆ ಹೊಸ ಸಂತರೊಬ್ಬರು ಬರಬೇಕು. ಆ ಶಾಸನ ಬರುವುದಕ್ಕೆ ಒಂದು ವರ್ಷ ಮೊದಲೇ, ದೂರದ ರೋಮ್ ನಗರದ ನೆಲದಡಿಯಲ್ಲಿ, ಅಂತಹದೊಂದು ಹೆಸರು ಬೆಳಕಿಗೆ ಬಂದಿತ್ತು.

1802ರ ಮೇ ತಿಂಗಳು. ರೋಮಿನ ಸಲಾರಿಯಾ ಮಾರ್ಗದಲ್ಲಿರುವ ಪ್ರಿಸಿಲ್ಲಾ ಎಂಬ ನೆಲಮಾಳಿಗೆಯ ಸ್ಮಶಾನದಲ್ಲಿ ಅಗೆಯುತ್ತಿದ್ದವರಿಗೆ ಗೋಡೆಯೊಳಗಿನ ಒಂದು ಗೋರಿ ಕಾಣಿಸಿತು. ಅದರ ಬಾಯಿಯನ್ನು ಮೂರು ಸುಟ್ಟ ಮಣ್ಣಿನ ಹೆಂಚುಗಳಿಂದ ಮುಚ್ಚಿದ್ದರು. ಹೆಂಚುಗಳ ಮೇಲೆ ಕೆಂಪು ಬಣ್ಣದ ಲ್ಯಾಟಿನ್ ಅಕ್ಷರಗಳು: ಮೊದಲನೆಯದರಲ್ಲಿ ‘ಲುಮೆನಾ’, ಎರಡನೆಯದರಲ್ಲಿ ‘ಪಾಕ್ಸ್ ಟೆ’, ಮೂರನೆಯದರಲ್ಲಿ ‘ಕುಮ್ ಫಿ’. ಹಾಗೆಯೇ ಓದಿದರೆ ಅರ್ಥವಾಗದು. ಮೊದಲನೆಯ ಹೆಂಚನ್ನು ಕೊನೆಗೆ ಸರಿಸಿದರೆ ‘ಪಾಕ್ಸ್ ಟೆಕುಮ್ ಫಿಲುಮೆನಾ’, ಅಂದರೆ ‘ಫಿಲುಮೆನಾ, ನಿನಗೆ ಶಾಂತಿಯಿರಲಿ’ ಎಂಬ ವಾಕ್ಯ ಸಿದ್ಧವಾಗುತ್ತದೆ. ಅಕ್ಷರಗಳ ಜೊತೆಗೆ ಲಂಗರು, ಬಾಣ, ತಾಳೆಗರಿಗಳ ಚಿತ್ರಗಳೂ ಇದ್ದವು. ಒಳಗೆ ಹನ್ನೆರಡು ಹದಿಮೂರು ವರ್ಷದ ಬಾಲೆಯೊಬ್ಬಳ ಅಸ್ಥಿಗಳು. ಬಳಿಯಲ್ಲಿ ಒಂದು ಒಡೆದ ಗಾಜಿನ ಕುಪ್ಪಿ. ತಾಳೆಗರಿ ವಿಜಯದ ಸಂಕೇತವೆಂದೂ, ಕುಪ್ಪಿಯಲ್ಲಿದ್ದುದು ರಕ್ತವೆಂದೂ ಅಂದಿನವರು ತಿಳಿದರು. ಈಕೆ ಧರ್ಮಕ್ಕಾಗಿ ಪ್ರಾಣಕೊಟ್ಟ ಹುತಾತ್ಮೆ ಎಂಬ ತೀರ್ಮಾನಕ್ಕೆ ಅಷ್ಟು ಸಾಕಾಯಿತು. ಆದರೆ ಹುತಾತ್ಮೆ ಎಂಬ ಮಾತು ಆ ಹೆಂಚುಗಳ ಮೇಲೆ ಎಲ್ಲಿಯೂ ಇರಲಿಲ್ಲ.

1805ರಲ್ಲಿ ಫ್ರಾನ್ಸೆಸ್ಕೊ ದೆ ಲೂಚಿಯಾ ಎಂಬ ಪಾದ್ರಿಗಳು ಈ ಅಸ್ಥಿಗಳನ್ನು ಬೇಡಿ ಪಡೆದು, ನೇಪಲ್ಸ್ ಸಮೀಪದ ತಮ್ಮ ಊರಾದ ಮುನ್ಯಾನೊಗೆ ಕೊಂಡೊಯ್ದರು. ಅಲ್ಲಿ ಪವಾಡಗಳ ಸುದ್ದಿ ಹರಡಿತು. ಹೆಸರು ಸಿಕ್ಕಿತ್ತು, ಮೂಳೆಗಳಿದ್ದವು, ಆದರೆ ಕಥೆಯಿರಲಿಲ್ಲ. ಆ ಕೊರತೆಯನ್ನು 1833ರಲ್ಲಿ ನೇಪಲ್ಸ್‌ನ ಸನ್ಯಾಸಿನಿಯೊಬ್ಬರಿಗೆ ಆದವೆನ್ನಲಾದ ದರ್ಶನಗಳು ತುಂಬಿದವು. ಅವುಗಳ ಪ್ರಕಾರ ಈಕೆ ಗ್ರೀಸ್ ದೇಶದ ರಾಜಕುಮಾರಿ. ಚಕ್ರವರ್ತಿ ಡಯೊಕ್ಲೀಷಿಯನ್ ತನ್ನನ್ನು ಮದುವೆಯಾಗೆಂದಾಗ ಒಲ್ಲೆನೆಂದಳು. ಲಂಗರು ಕಟ್ಟಿ ನದಿಗೆ ಎಸೆದರೂ ಬಾಣಗಳನ್ನು ಬಿಟ್ಟರೂ ಉಳಿದು, ಕೊನೆಗೆ ಶಿರಚ್ಛೇದಕ್ಕೆ ಗುರಿಯಾದಳು. ಹೆಂಚಿನ ಮೇಲಿನ ಒಂದೊಂದು ಚಿತ್ರವೂ ಕಥೆಯಲ್ಲಿ ಒಂದೊಂದು ಘಟನೆಯಾಗಿ ಅರಳಿದುದನ್ನು ಗಮನಿಸಬೇಕು. ಸ್ಥಳಪುರಾಣಗಳು ಬೆಳೆಯುವ ಬಗೆಯನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಈ ಹೆಸರನ್ನು ಆಲ್ಪ್ಸ್ ಪರ್ವತದ ಆಚೆಗೆ ದಾಟಿಸಿದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಲಿಯೋನ್ ನಗರದ ಪೋಲಿನ್ ಜಾರಿಕೊ. ಬಡವರ ಚಿಕ್ಕ ಚಿಕ್ಕ ಕಾಣಿಕೆಗಳನ್ನು ಕೂಡಿಸಿ ಧರ್ಮಪ್ರಸಾರಕ್ಕೆ ನೆರವಾಗುವ ಸಂಘವನ್ನು ಕಟ್ಟಿದ ಮಹಿಳೆ. ಹೃದಯದ ಕಾಯಿಲೆಯಿಂದ ಬಳಲಿ, ಬದುಕುವ ಆಸೆ ಕಡಿಮೆಯಾಗಿದ್ದಾಗ ಮುನ್ಯಾನೊಗೆ ಪ್ರಯಾಣ ಮಾಡಿದ ಆಕೆ, 1835ರ ಆಗಸ್ಟ್ 10ರಂದು ಅಲ್ಲಿ ಗುಣಹೊಂದಿದರೆಂದು ಸುದ್ದಿಯಾಯಿತು. ಎರಡು ವರ್ಷಗಳಲ್ಲಿ, 1837ರಲ್ಲಿ, ಪೋಪ್ ಹದಿನಾರನೆಯ ಗ್ರೆಗೊರಿಯವರು ಈ ಸಂತಳ ಹಬ್ಬಕ್ಕೆ ಅನುಮತಿಯಿತ್ತರು. ಇನ್ನೊಬ್ಬರು ಲಿಯೋನಿಗೆ ಉತ್ತರದಲ್ಲಿರುವ ಆರ್ಸ್ ಎಂಬ ಕುಗ್ರಾಮದ ಪಾದ್ರಿ ಜಾನ್ ಮರಿ ವಿಯಾನೆ. ಇವರ ಪುಣ್ಯಜೀವನದ ಖ್ಯಾತಿಯಿಂದ ಆ ಹಳ್ಳಿಗೆ ಜನ ತಂಡತಂಡವಾಗಿ ಬರುತ್ತಿದ್ದರು. ಬಂದವರಿಗೆ ವಾಸಿಯಾದರೆ ಆ ಹಿರಿಮೆಯನ್ನು ಅವರು ತಮಗೆ ಕೊಟ್ಟುಕೊಳ್ಳದೆ ಫಿಲೊಮೆನ್‌ಗೆ ಒಪ್ಪಿಸುತ್ತಿದ್ದರು. ಮನೆಗೆ ಮರಳಿದ ಯಾತ್ರಿಕರು ತಮ್ಮ ಹೆಣ್ಣುಮಕ್ಕಳಿಗೆ ಆ ಹೆಸರನ್ನಿಟ್ಟರು.

ಹೀಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಫಿಲೊಮೆನ್ ಎಂಬುದು ಫ್ರಾನ್ಸಿನಲ್ಲಿ ರೈತರ, ಕೂಲಿಗಾರರ ಮನೆಗಳಲ್ಲಿಯೂ ಕೇಳುವ ಹೆಸರಾಯಿತು. ಸಾಹಿತ್ಯವೇ ಇದಕ್ಕೆ ಸಾಕ್ಷಿ. 1885ರ ‘ಜರ್ಮಿನಲ್’ ಕಾದಂಬರಿಯಲ್ಲಿ ಕಲ್ಲಿದ್ದಲನ್ನು ಜರಡಿ ಹಿಡಿಯುವ, ಸದಾ ಕೆಮ್ಮುವ ಬಡ ಹುಡುಗಿಗೆ ಎಮಿಲ್ ಜೋಲಾ ಇಟ್ಟ ಹೆಸರು ಫಿಲೊಮೆನ್. ಅವನದೇ 1890ರ ‘ಲಾ ಬೆತ್ ಯುಮೇನ್’ ಕಾದಂಬರಿಯ ರೈಲ್ವೆ ಪರಿಸರದಲ್ಲಿ ಮತ್ತೊಬ್ಬ ಫಿಲೊಮೆನ್ ಬರುತ್ತಾಳೆ. ಎರಡೂ ಕಥೆಗಳ ಕಾಲ 1860ರ ದಶಕ. ಪವಾಡಗಳ ಸುದ್ದಿ ಹರಡುತ್ತಿದ್ದ ದಿನಗಳಲ್ಲಿ ಹುಟ್ಟಿದ ಹೆಣ್ಣುಗಳಿಗೆ ಆ ಹೆಸರು ಸರಿಯಾಗಿ ಹೊಂದುತ್ತದೆ. ಬಾಲ್ಜಾಕ್ ಮಾತ್ರ ತನ್ನ ‘ಆಲ್ಬೆರ್ ಸವಾರುಸ್’ ಕಥೆಯ ಶ್ರೀಮಂತ ನಾಯಕಿಗೆ 1842ರಲ್ಲಿ ಫಿಲೊಮೆನ್ ಎಂದು ಹೆಸರಿಟ್ಟು, ಅನಂತರ ಅದನ್ನು ರೋಸಲಿ ಎಂದು ತಿದ್ದಿದ. ಕಥೆ ನಡೆಯುವುದು 1830ರ ದಶಕದಲ್ಲಿ, ನಾಯಕಿ ಹರೆಯದವಳು. ಆಕೆ ಹುಟ್ಟುವ ವೇಳೆಗೆ ಫ್ರಾನ್ಸಿನಲ್ಲಿ ಆ ಹೆಸರು ಹರಡಿಯೇ ಇರಲಿಲ್ಲವೆಂಬುದನ್ನು ನೆನೆದರೆ ಆ ತಿದ್ದುಪಡಿ ಯುಕ್ತವೆನಿಸುತ್ತದೆ.

ಈ ಪದದ ಅರ್ಥವೇನು? ಭಕ್ತರು ಇದನ್ನು ಲ್ಯಾಟಿನ್ ಎಂದೆಣಿಸಿ ‘ಬೆಳಕಿನ ಮಗಳು’ ಎಂದು ವಿವರಿಸಿದರು. ಕಾವ್ಯಪ್ರಿಯರಿಗೆ ಕೋಗಿಲೆಯಂತೆ ಯುರೋಪಿನ ಕವಿಗಳನ್ನು ಕಾಡಿದ ನೈಟಿಂಗೇಲ್ ಹಕ್ಕಿಯ ಹೆಸರಾದ ಫಿಲೊಮೆಲ್ ನೆನಪಾಯಿತು. ಭಾಷಾಶಾಸ್ತ್ರ ಹೇಳುವುದು ಇನ್ನೂ ಸರಳ. ಇದು ‘ಪ್ರೀತಿಸು’ ಎಂಬ ಗ್ರೀಕ್ ಧಾತುವಿನ ಕರ್ಮಣಿ ರೂಪ: ಫಿಲೂಮೆನೆ, ಎಂದರೆ ಪ್ರೀತಿಗೆ ಪಾತ್ರಳಾದವಳು. ಪ್ರಾಚೀನ ಜಗತ್ತಿನಲ್ಲಿ ಎಷ್ಟೋ ತಾಯಂದಿರು ತಮ್ಮ ಮಕ್ಕಳನ್ನು ಕರೆದಿರಬಹುದಾದ ಹೆಸರು.

1904ರಲ್ಲಿ ಪುರಾತತ್ತ್ವಜ್ಞ ಒರಾಜಿಯೊ ಮರುಕ್ಕಿ ಆ ಮೂರು ಹೆಂಚುಗಳನ್ನು ಮತ್ತೆ ಪರೀಕ್ಷಿಸಿದ. ಬರಹ ಹಳೆಯದು, ಗೋರಿ ಅದಕ್ಕಿಂತ ಈಚಿನದು ಎಂಬುದು ಅವನ ವಾದ. ಹಿಂದೆ ಫಿಲುಮೆನಾ ಎಂಬವಳ ಗೋರಿಯನ್ನು ಮುಚ್ಚಿದ್ದ ಹೆಂಚುಗಳನ್ನೇ ನಾಲ್ಕನೆಯ ಶತಮಾನದಲ್ಲಿ ಬೇರೊಬ್ಬರ ಗೋರಿಗೆ ಬಳಸಿದರು. ಬರಹ ಒಳಗಿರುವವರದಲ್ಲವೆಂದು ಸೂಚಿಸಲು ಅವುಗಳ ಅನುಕ್ರಮವನ್ನು ಬೇಕೆಂದೇ ಕೆಡಿಸಿದರು. ಅಗೆದವರು ದೋಷವೆಂದು ತಿಳಿದು ಸರಿಪಡಿಸಿದ್ದೇ ಮೂಲದವರ ಸೂಚನೆಯಾಗಿತ್ತು! ಶಾಸನಗಳನ್ನು ಓದುವವರೆಲ್ಲ ಮನದಲ್ಲಿಟ್ಟುಕೊಳ್ಳಬೇಕಾದ ಪಾಠವಿದು. ಕಲ್ಲು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ, ಗುಡಿಯ ಮೆಟ್ಟಿಲಾಗಿಯೋ ಕೆರೆಯ ತೂಬಾಗಿಯೋ ಸೇರಿದ ಉದಾಹರಣೆಗಳು ನಮ್ಮಲ್ಲಿಯೂ ಉಂಟು. ಅಕ್ಷರವನ್ನು ಓದಿದರೆ ಸಾಲದು. ಅದು ಅಲ್ಲಿಗೆ ಹೇಗೆ ಬಂದಿತೆಂದೂ ಕೇಳಬೇಕು.

ವಿದ್ವಾಂಸರ ಸಂದೇಹ ಭಕ್ತಿಯ ಹರಿವನ್ನು ಒಡನೆಯೇ ತಡೆಯಲಿಲ್ಲ. ನಮ್ಮ ಮೈಸೂರೇ ಇದಕ್ಕೆ ನಿದರ್ಶನ. ಮಹಾರಾಜರ ಕಾರ್ಯದರ್ಶಿಗಳಾಗಿದ್ದ ತಂಬೂ ಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪಿಸಾನಿಯವರಿಂದ ಈ ಸಂತಳ ಅವಶೇಷವನ್ನು ಪಡೆದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲನ್ನಿಟ್ಟರು. ಫ್ರೆಂಚ್ ಶಿಲ್ಪಿಯೊಬ್ಬ ರೂಪಿಸಿದ, ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳ ಆ ಕಟ್ಟಡವನ್ನು ಇಂದಿಗೂ ಜನ ಕರೆಯುವುದು ಫಿಲೋಮಿನಾ ಚರ್ಚ್ ಎಂದೇ. ಮೈಸೂರಿನಲ್ಲಿಯೂ ಪುತ್ತೂರಿನಲ್ಲಿಯೂ ಆ ಹೆಸರಿನ ಕಾಲೇಜುಗಳಿವೆ. ಹೀಗೆ ರೋಮಿನ ನೆಲಮಾಳಿಗೆಯ ಹೆಸರು ಕನ್ನಡಿಗರ ನಾಲಗೆಯ ಮೇಲೆ ನೆಲೆಗೊಂಡಿತು.

1961ರ ಫೆಬ್ರವರಿಯಲ್ಲಿ ರೋಮಿನ ಧರ್ಮಾಧಿಕಾರಿಗಳು ಈ ಸಂತಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆದುಹಾಕುವಂತೆ ಆದೇಶಿಸಿದರು. ಖಾಸಗಿ ಭಕ್ತಿಗೆ ಅಡ್ಡಿ ಬರಲಿಲ್ಲ; ಮುನ್ಯಾನೊದ ಯಾತ್ರೆಯೂ ನಿಲ್ಲಲಿಲ್ಲ. ಆದರೆ ಫ್ರಾನ್ಸಿನಲ್ಲಿ ಆ ಹೆಸರು ಕ್ಷೀಣಿಸಿದ್ದು ಈ ಆದೇಶದಿಂದ ಎಂದರೆ ತಪ್ಪಾದೀತು. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅದು ಇಳಿಮುಖವಾಗಿತ್ತು. ಜೋಲಾನ ಕಾಲದಲ್ಲಿ ಹೊಸತಾಗಿದ್ದುದು ಮೊಮ್ಮಕ್ಕಳ ಕಾಲಕ್ಕೆ ಹಳ್ಳಿಯ ಅಜ್ಜಿಯ ಹೆಸರಾಯಿತು, ಅಜ್ಜಿಯೊಡನೆ ಮರೆಯಾಯಿತು. 1993ರಲ್ಲಿ ಹಳೆಯ ಶಾಸನದ ಕಟ್ಟು ಹೋಗಿ, ತಂದೆತಾಯಿಗಳಿಗೆ ಹೆಸರಿನ ಸ್ವಾತಂತ್ರ್ಯ ದೊರೆತ ಮೇಲೆ, ಹಳೆಯ ಹೆಸರುಗಳ ಮೋಹದಿಂದ ಅಲ್ಲೊಬ್ಬಳು ಇಲ್ಲೊಬ್ಬಳು ಫಿಲೊಮೆನ್ ಮತ್ತೆ ಹುಟ್ಟುತ್ತಿದ್ದಾಳೆ.

ಹಾಗಾದರೆ ತಪ್ಪು ಓದಿನಿಂದ ಹುಟ್ಟಿದ ಹೆಸರು ಸುಳ್ಳು ಹೆಸರೇ? ಹಾಗೆನ್ನಲು ಮನಸ್ಸು ಒಪ್ಪದು. ಒಬ್ಬ ತಾಯಿ ತನ್ನ ಮಗುವಿಗಿಟ್ಟು ಆಯುಷ್ಯವಿಡೀ ಕರೆದ ಹೆಸರನ್ನು ಪುರಾತತ್ತ್ವಶಾಸ್ತ್ರ ಹಿಂದಕ್ಕೆ ಪಡೆಯಲಾರದು. ಆದರೂ ಇತಿಹಾಸಕ್ಕೆ ಇನ್ನೊಂದು ಋಣವಿದೆ. ಮರುಕ್ಕಿಯ ವಾದ ನಿಜವಾದರೆ ಆ ಗೋರಿಯಲ್ಲಿ ಮಲಗಿದ್ದವಳು ಫಿಲುಮೆನಾ ಅಲ್ಲ. ಹನ್ನೆರಡು ಹದಿಮೂರರ ಆ ಬಾಲೆ ಸಾವಿರಾರು ಹೆಣ್ಣುಮಕ್ಕಳಿಗೆ ಹೆಸರು ಕೊಟ್ಟಳು; ಅವಳ ಸ್ವಂತ ಹೆಸರು ಯಾವ ಹೆಂಚಿನ ಮೇಲೂ ಉಳಿಯಲಿಲ್ಲ. ಯಾರೋ ಅವಳನ್ನು ಜತನದಿಂದ ಮಲಗಿಸಿ, ಗೋರಿಯ ಬಾಯಿ ಮುಚ್ಚಿ ಹೋಗಿದ್ದರು. ಅವಳೂ ಪ್ರೀತಿಗೆ ಪಾತ್ರಳಾಗಿದ್ದವಳೇ. ಆ ಗ್ರೀಕ್ ಪದದ ಅರ್ಥವಾದರೂ ಅವಳಿಗೆ ಸಲ್ಲುತ್ತದೆ.

(ಬಾನುಲಿ ಭಾಷಣ)