ಗಣಿಗೆ ಇಳಿಯುವವನಿಗೆ ತರಬೇತಿ... ತರಗತಿಗೆ ಇಳಿಯುವವರಿಗೆ?

ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ ಅನ್ನೋದು ಆ ಕಡೆಯವರಿಗೆಲ್ಲ ಗೊತ್ತಿರುವ ವಿಷಯ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರದು. ಕೆ.ಜಿ.ಎಫ್. ಇತಿಹಾಸ ಅಂದ ತಕ್ಷಣ ನಾವು ಲವೆಲ್ಲಿ, ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು ಅಂತ ಶುರು ಮಾಡ್ತೀವಿ. ಬೌರಿಂಗ್ ಕಾಲದ ಇನ್ನೊಂದು ಕೆಲಸ ಯಾರ ಬಾಯಲ್ಲೂ ಬರುವುದಿಲ್ಲ. 1868ರಲ್ಲಿ ಬಿ.ಎಲ್. ರೈಸ್ (ಹೌದು, ಶಾಸನಗಳ ರೈಸ್ ಅವರೇ!) ಹೋಬಳಿಗೊಂದು ಸರ್ಕಾರಿ ಶಾಲೆ ಎಂಬ ಯೋಜನೆ ಹಾಕಿದರು. ಶಾಲೆ ಕಟ್ಟಿದರೆ ಸಾಲದು, ಮೇಷ್ಟ್ರು ಬೇಕಲ್ಲ? ಅದಕ್ಕಾಗಿ ನಾರ್ಮಲ್ ಸ್ಕೂಲುಗಳು ಬಂದವು. ಪಾಠ ಹೇಳುವುದನ್ನೂ ಕಲಿಯಬೇಕು ಎಂಬ ಮಾತು ಹೋಬಳಿ ಮಟ್ಟಕ್ಕೆ ಮುಟ್ಟಿದ್ದು ಹೀಗೆ.

ಈಗ ಗಣಿಯ ಕಡೆ ಬರೋಣ. ನನಗೆ ಬಹಳ ದಿನದಿಂದ ಕಾಡುತ್ತಿರುವ ಹೋಲಿಕೆ ಇದು. 1952ರ ಗಣಿ ಕಾಯಿದೆಯ ಕೆಳಗೆ 1966ರಲ್ಲಿ ಗಣಿ ವೃತ್ತಿ ತರಬೇತಿ ನಿಯಮಗಳು ಜಾರಿಯಾದವು. ಹೊಸಬನನ್ನು ನೇರವಾಗಿ ಕೇಜ್ ಹತ್ತಿಸಿ ಶಾಫ್ಟ್ ಒಳಗೆ ಇಳಿಸುವ ಹಾಗಿರಲಿಲ್ಲ. ಮೊದಲು ತರಬೇತಿ, ಆಮೇಲೆ ಕೆಲಸ. ಕೆಲವು ವರ್ಷಕ್ಕೊಮ್ಮೆ ಹಳಬರಿಗೂ ಮತ್ತೆ ತರಬೇತಿ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳದಲ್ಲಿ ಬಂಡೆ ಸಿಡಿಯುವ ಜಾಗದಲ್ಲಿ ಇದು ಬೇಕೇ ಬೇಕಿತ್ತು ಬಿಡಿ. ತಪ್ಪಾದರೆ ಜೀವವೇ ಹೋಗುತ್ತಿತ್ತು.

ಅದೇ ಊರಿನಲ್ಲಿ, ಗಣಿಯಿಂದ ಕೂಗಳತೆ ದೂರದ ಶಾಲೆಗೆ ಹೊಸದಾಗಿ ಬರುವ ಮೇಷ್ಟ್ರಿಗೆ ಕಾನೂನು ಏನು ಹೇಳುತ್ತದೆ?

ಬಾಗಿಲ ಬಗ್ಗೆ ತುಂಬಾ ಹೇಳುತ್ತದೆ. ಟಿ.ಸಿ.ಎಚ್., ಆಮೇಲೆ ಡಿ.ಎಡ್., ಈಗ ಡಿ.ಎಲ್.ಎಡ್.; ಪ್ರೌಢಶಾಲೆಗೆ ಬಿ.ಎಡ್. 1993ರ ಕಾಯಿದೆಯಿಂದ 1995ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., ಹುಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 23ನೇ ಸೆಕ್ಷನ್ ಕನಿಷ್ಠ ವಿದ್ಯಾರ್ಹತೆ ಕಡ್ಡಾಯ ಮಾಡಿತು. 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಟಿ.ಇ.ಟಿ. ಪರೀಕ್ಷೆ ಬಂತು. ತರಬೇತಿ ಇಲ್ಲದೆ ಕೆಲಸದಲ್ಲಿದ್ದವರಿಗೆ 2017ರ ತಿದ್ದುಪಡಿ 2019ರ ಮಾರ್ಚ್ 31ರವರೆಗೆ ಗಡುವು ಕೊಟ್ಟಿತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳೇ ಶಿಕ್ಷಕರೂ ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕು ಎಂದಿತು. ಇಪ್ಪತ್ತು ವರ್ಷ ಪಾಠ ಮಾಡಿದವರು ಗೈಡ್ ಕೊಂಡು ಓದಬೇಕಾದ ಪರಿಸ್ಥಿತಿ!

ಆದರೆ ಬಾಗಿಲು ದಾಟಿದ ಮೇಲೆ? ಅಲ್ಲಿಂದ ಕಾನೂನು ಮೌನ. ಶಿಕ್ಷಣ ಹಕ್ಕು ಕಾಯಿದೆಯ 8ನೇ ಸೆಕ್ಷನ್ ಶಿಕ್ಷಕರಿಗೆ ತರಬೇತಿ ಸೌಲಭ್ಯ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ, ಅಷ್ಟೇ. ಮೊದಲ ವರ್ಷ ಪಕ್ಕದಲ್ಲಿ ಒಬ್ಬ ಅನುಭವಿ ಇರಬೇಕು ಅನ್ನುವ ಮಾತಿಲ್ಲ. ರಾಜ್ಯದಲ್ಲಿ 1977ರ ಪ್ರೊಬೇಷನ್ ನಿಯಮಗಳಿವೆ, ಕನಿಷ್ಠ ಎರಡು ವರ್ಷ. ಅವು ನೌಕರ ಯೋಗ್ಯನೋ ಅಲ್ಲವೋ ಅಂತ ತೀರ್ಮಾನಿಸುತ್ತವೆ. ಯೋಗ್ಯನಾಗುವುದು ಹೇಗೆ ಅಂತ ಕಲಿಸುವುದಿಲ್ಲ.

ಇದರ ಭಾರ ಬೀಳುವುದು ಎಲ್ಲಿ ಅಂದರೆ ಕಾಮಸಮುದ್ರದ ಕಡೆಯ ಗಡಿ ಹಳ್ಳಿಗಳಂಥ ಜಾಗದಲ್ಲಿ. ಉತ್ತರ ಕರ್ನಾಟಕದ ಹುಡುಗನೊಬ್ಬ ಆಯ್ಕೆಯಾಗಿ ಬರುತ್ತಾನೆ. ಮಕ್ಕಳ ಮನೆಮಾತು ತೆಲುಗು. ಕೆ.ಜಿ.ಎಫ್. ಒಳಗಾದರೆ ತಮಿಳು, ಆಂಡರ್ಸನ್‌ಪೇಟೆಯಿಂದ ಉರಿಗಾಂವರೆಗೆ ಬೀದಿಯ ಭಾಷೆಯೇ ಅದು. ಇವನು ಡಿ.ಎಡ್.ನಲ್ಲಿ ಓದಿದ ಮನೋವಿಜ್ಞಾನದಲ್ಲಿ ಇದಕ್ಕೆ ಉತ್ತರ ಎಲ್ಲಿದೆ? ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು ಅಂತ ಕಾಯಿದೆಯ ಅನುಸೂಚಿ ಹೇಳಿದರೂ, ಒಬ್ಬರು ರಜೆಯಲ್ಲೋ ಮೀಟಿಂಗಿನಲ್ಲೋ ಇದ್ದರೆ ಅದು ಏಕೋಪಾಧ್ಯಾಯ ಶಾಲೆಯೇ.

ಹಾಗಂತ ಕೋಲಾರ ಜಿಲ್ಲೆಯಲ್ಲಿ ಏನೂ ಆಗಲಿಲ್ಲ ಅಂದರೆ ಅನ್ಯಾಯವಾಗುತ್ತದೆ. 1986ರ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದು ಡಯಟ್ ಬಂತು. 1994-95ರಲ್ಲಿ ಡಿ.ಪಿ.ಇ.ಪಿ. ಯೋಜನೆ ಕರ್ನಾಟಕಕ್ಕೆ ಬಂದಾಗ ಮೊದಲ ಹಂತಕ್ಕೆ ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಉಳಿದವು ಮಂಡ್ಯ, ಬೆಳಗಾವಿ, ರಾಯಚೂರು. ತಾಲ್ಲೂಕಿಗೆ ಬಿ.ಆರ್.ಸಿ., ಕ್ಲಸ್ಟರಿಗೆ ಸಿ.ಆರ್.ಪಿ. ಎಂಬ ವ್ಯವಸ್ಥೆ ಬೆಳೆದದ್ದು ಆ ಯೋಜನೆಯಲ್ಲೇ. ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಪಾಠ ಕೇಳಿ, ಆಮೇಲೆ ಟೀ ಕುಡಿಯುತ್ತಾ "ಹೀಗೆ ಮಾಡಿ ನೋಡಿ ಮೇಷ್ಟ್ರೇ" ಅನ್ನುವ ಸಿ.ಆರ್.ಪಿ. ಸಿಕ್ಕಿದರೆ ಅದೇ ನಿಜವಾದ ಮಾರ್ಗದರ್ಶನ. ಆದರೆ ಇದು ಯೋಜನೆಯಿಂದ ಬಂದದ್ದು, ಕಾಯಿದೆಯಿಂದಲ್ಲ. ಸರ್ವ ಶಿಕ್ಷಾ ಅಭಿಯಾನ, 2018ರ ಸಮಗ್ರ ಶಿಕ್ಷಾ ಅಂತ ಹೆಸರು ಬದಲಾದಂತೆ ಸಿ.ಆರ್.ಪಿ. ಕೈಗೆ ಅಂಕಿಅಂಶದ ಫಾರಂಗಳು ಹೆಚ್ಚಾದವು. ಹಿಂದಿನ ಸಾಲಿನಲ್ಲಿ ಕೂರಲು ಪುರುಸೊತ್ತೆಲ್ಲಿ?

2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ತರಬೇತಿ ಮತ್ತು ರಾಷ್ಟ್ರೀಯ ಮಾರ್ಗದರ್ಶನ ಮಿಷನ್ ಬಗ್ಗೆ ಬರೆದಿದೆ. 2022ರ ಜುಲೈನಲ್ಲಿ ಕೆಲವು ಕೇಂದ್ರೀಯ ಶಾಲೆಗಳಲ್ಲಿ ಮಿಷನ್ ಪ್ರಯೋಗವಾಗಿ ಶುರುವಾಯಿತು. ನೀತಿ ಬೇರೆ, ಕಾನೂನು ಬೇರೆ. ಇಂಗ್ಲೆಂಡಿನಲ್ಲಿ 1999ರಲ್ಲೇ ಮೊದಲ ವರ್ಷದ ಇಂಡಕ್ಷನ್ ಕಾನೂನಾಯಿತು, 2021ರಿಂದ ಅದು ಎರಡು ವರ್ಷ. ಹೊಸಬರಿಗೆ ಒಬ್ಬ ಮಾರ್ಗದರ್ಶಕ, ಮೊದಲ ವರ್ಷ ಪೀರಿಯಡ್ಡುಗಳಲ್ಲಿ ಶೇ. 10 ಕಡಿತ. ನಮ್ಮ ಹಳ್ಳಿ ಶಾಲೆಗೆ ಅದನ್ನು ಹಾಗೇ ತರಲಾಗದು, ಒಪ್ಪುತ್ತೇನೆ. ಪೀರಿಯಡ್ ಕಡಿಮೆ ಮಾಡಿದರೆ ಆ ಹೊತ್ತು ಮಕ್ಕಳನ್ನು ನೋಡುವವರು ಯಾರು?

ಆದರೆ ಪ್ರೊಬೇಷನ್ ನಿಯಮಕ್ಕೆ ಎರಡು ಸಾಲು ಸೇರಿಸಲು ದೊಡ್ಡ ಖರ್ಚೇನೂ ಇಲ್ಲ: ಮೊದಲ ವರ್ಷ ಅದೇ ಕ್ಲಸ್ಟರಿನ ಹಿರಿಯ ಶಿಕ್ಷಕರೊಬ್ಬರು ತಿಂಗಳಿಗೆ ಒಂದು ದಿನ ಹೊಸಬರ ತರಗತಿಯಲ್ಲಿ ಕೂರಬೇಕು, ಆ ದಿನ ಹಿರಿಯರಿಗೆ ಅದನ್ನು ಓ.ಓ.ಡಿ. ಎಂದು ಪರಿಗಣಿಸಬೇಕು.